ಒಮ್ಮೆ ಬಂದದ್ದು ಮತ್ತೆ ಬಾರದು

ಫೆಬ್ರವರಿ 4

ತಮ್ಮಾ,

ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಇಂದಿಗೆ ಹದಿನೆಂಟು ದಿನ. ಸೊಂಟದ ಮೂಳೆ ಕೂಡಿಕೊಳ್ಳುತ್ತದೆ ಎಂದಿದ್ದರು, ಕೂಡಿಕೊಳ್ಳುತ್ತಲೂ ಇದೆ. ಆದರೆ ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿದೆ. ನಿನ್ನೆ ಡಾಕ್ಟರು ನನ್ನನ್ನು ಅಡುಗೆಮನೆಗೆ ಕರೆದು, ಬರಬೇಕಾದವರಿಗೆ ತಿಳಿಸಿಬಿಡಿ ಅಂದರು. ಬರಬೇಕಾದವನು ನೀನೊಬ್ಬನೇ.

ಕಾಯಿಲೆಯ ವಿಷಯ ವಾಸಿಯಾದ ಮೇಲೆ ಬರೆಯಬೇಕು, ಅದಕ್ಕೆ ಮೊದಲು ಬರೆದು ದೂರದವರ ಅನ್ನ ಕೆಡಿಸಬಾರದು ಎಂಬ ಅಮ್ಮನ ಕಟ್ಟಳೆ ನಿನಗೂ ನೆನಪಿರಬಹುದು. ಅದನ್ನು ಈಗ ಅವಳಿಗಾಗಿಯೇ ಮುರಿಯುತ್ತಿದ್ದೇನೆ. ಎಚ್ಚರವಾದಾಗಲೆಲ್ಲ ನಿನ್ನನ್ನು ಕೇಳುತ್ತಾಳೆ.

ಪುಟ್ಟಿ ಶಾಲೆಗೆ ರಜೆ ಹಾಕಿ ಮನೆಯಲ್ಲೇ ಇದ್ದಾಳೆ. ಮಕ್ಕಳಿಗೆ ಕಲಿಸಿ ಕಲಿಸಿ ಮಗಳು ಸುಸ್ತಾಗಿದ್ದಳು, ಸ್ವಲ್ಪ ದಿನ ಸುಮ್ಮನಿರಲಿ ಅಂದೆ. ಚಳಿ ಅಂತ ಇಡೀ ದಿನ ತಲೆಗೆ ಬಟ್ಟೆ ಕಟ್ಟಿಕೊಂಡಿರುತ್ತಾಳೆ. ಮೂರು ವಾರಕ್ಕೊಂದು ಮಂಗಳವಾರ ಅವಳ ಜೊತೆ ನನಗೂ ಪೇಟೆಯಲ್ಲಿ ಕೆಲಸವಿರುತ್ತದೆ. ಆ ದಿನ ಪಕ್ಕದ ಮನೆಯವರು ಅಮ್ಮನ ಹತ್ತಿರ ಕೂರುತ್ತಾರೆ.

ಹೋದ ಸಲ ಹಲ್ಲುನೋವು, ಅದರ ಹಿಂದಿನ ಸಲ ಮುಷ್ಕರ. ಈ ಸಲ ಉದ್ದದ ಪತ್ರ ಬರೆಯಬೇಡ, ಹೊರಡು.

ಅಕ್ಕ


ಫೆಬ್ರವರಿ 11

ಅಕ್ಕ,

ನಿನ್ನ ಪತ್ರ ಏಳರಂದೇ ಸಿಕ್ಕಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ. ಅದನ್ನು ನೀನು ನೆಪದ ಪಟ್ಟಿಗೆ ಸೇರಿಸುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾವು ಕನ್ನಡಕದ ಗಾಜು ತಿಕ್ಕುವ ಕೋಣೆಯನ್ನು ನೀನು ನೋಡಿಲ್ಲ. ನಾಲ್ಕು ಚಕ್ರ, ನಾಲ್ಕು ಜನ. ಹೊರಗಿನ ಧೂಳಿನ ಒಂದು ಕಣ ಬಿದ್ದರೂ ಗಾಜಿಗೆ ಗೀರು ಬೀಳುತ್ತದೆಂದು ಕಿಟಕಿ ತೆರೆಯುವುದಿಲ್ಲ. ಒಳಗಿನ ಪುಡಿ ನಮ್ಮ ಕಣ್ಣಿಗೂ ಗಂಟಲಿಗೂ ಹೋಗುತ್ತದೆ. ಎಲ್ಲರಿಗೂ ಕಣ್ಣು ಕೆಂಪು, ಎಲ್ಲರಿಗೂ ಕೆಮ್ಮು. ಯಾರ ಕಣ್ಣು ಬೆಳ್ಳಗಿದೆಯೋ ಅವನು ಕೆಲಸಗಳ್ಳ ಎಂದು ಮೇಸ್ತ್ರಿ ತಮಾಷೆ ಮಾಡುತ್ತಾನೆ. ಹಾಗಾಗಿ ಪಕ್ಕದ ಚಕ್ರದ ಉದ್ದಣ್ಣ ಸೋಮವಾರ ಕೆಂಗಣ್ಣು ಒರೆಸಿಕೊಂಡು ಕೆಮ್ಮುತ್ತಾ ಬಂದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಬುಧವಾರದವರೆಗೂ ಕೆಲಸ ಮಾಡಿದ. ಗುರುವಾರ ಅವನ ಮುಖ ಕುತ್ತಿಗೆಯೆಲ್ಲ ಕೆಂಪು ಗುಳ್ಳೆ. ದಡಾರ.

ಇದು ನನ್ನ ಕಾಯಿಲೆಯಲ್ಲ, ಉದ್ದಣ್ಣನದು. ಆದ್ದರಿಂದ ಅಮ್ಮನ ಕಟ್ಟಳೆ ಮುರಿದಂತಾಗಲಿಲ್ಲ.

ಅವತ್ತೇ ಆರೋಗ್ಯ ಇಲಾಖೆಯಾಕೆ ಬಂದು ಕೋಣೆಗೆ ಬೀಗ ಹಾಕಿಸಿದಳು. ಗುರುವಾರದಿಂದ ಚಕ್ರ ನಿಂತಿದೆ. ಚಿಕ್ಕಂದಿನಲ್ಲಿ ದಡಾರ ಬಂದಿದ್ದವರಿಗೆ ಅದು ಮತ್ತೆ ಬರುವುದಿಲ್ಲವಂತೆ, ಅವರು ಎಲ್ಲಿಗಾದರೂ ಹೋಗಬಹುದು. ಬಾರದವರು ಮಾರ್ಚ್ ಒಂದರವರೆಗೆ ರೂಮು ಬಿಟ್ಟು ಹೊರಡಬಾರದು. ರೈಲು ಬಸ್ಸು ಹತ್ತಲೇಬಾರದು. ಅಮ್ಮನಿಗೆ ತೀರಾ ಹುಷಾರಿಲ್ಲ ಅಂದೆ. ಆಕೆ ಬರೆಯುವುದನ್ನು ನಿಲ್ಲಿಸದೆ, “ಅಮ್ಮ ಎಲ್ಲರಿಗೂ ಇರ್ತಾರೆ ಸಾರ್. ರೈಲಲ್ಲಿ ನಿಮ್ಮ ಪಕ್ಕ ಕೂತವರಿಗೂ ಇರ್ತಾರೆ,” ಅಂದಳು.

ನಿಮಗೆ ಬಂದಿತ್ತೇ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ರಕ್ತ ಕೊಟ್ಟರೆ ಪರೀಕ್ಷೆ ಮಾಡಿಸುತ್ತಾರೆ, ಬೇರೆ ಊರಿಗೆ ಕಳಿಸಬೇಕು, ಹನ್ನೆರಡು ದಿನ. ಅಕ್ಕನನ್ನು ಕೇಳಿ ಹೇಳುತ್ತೇನೆ ಅಂದೆ. ಐವತ್ತು ದಾಟಿದವನ ಬಾಯಲ್ಲಿ ಆ ಮಾತು ಕೇಳಿ ನಕ್ಕಳು.

ಅಮ್ಮನಿಗೆ ಎಚ್ಚರವಾದಾಗ ಕೇಳಿ ನೋಡು. ನನಗೆ ಬಂದಿತ್ತೇ?

ಪುಟ್ಟಿಯ ತಲೆಬಟ್ಟೆಯ ವಿಷಯ ಓದಿ ನಗು ಬಂತು. ಹೊಸ ಥರ ಕೂದಲು ಕತ್ತರಿಸಿಕೊಳ್ಳಲು ಹೋಗಿ ಕೆಟ್ಟಿರಬೇಕು. ಬೆಳೆಯುತ್ತದೆ ಎಂದು ಹೇಳು.

ನಿನ್ನ ತಮ್ಮ


ಫೆಬ್ರವರಿ 16

ತಮ್ಮಾ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಸಿಕ್ಕಿದ್ದು ಉದ್ದಣ್ಣ.

ಬಂದಿತ್ತು. ನಿನಗೆ ನಾಲ್ಕು ವರ್ಷ, ನನಗೆ ಏಳು. ನಡುಮನೆಯ ಪಕ್ಕದ ಕೋಣೆಯಲ್ಲಿ ನಿನ್ನನ್ನು ಮಲಗಿಸಿ ಬಾಗಿಲು ಹಾಕಿದ್ದರು. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಅಮ್ಮ ಪರದೆ ಎಳೆದಿದ್ದಳು. ಆ ಬಟ್ಟೆಯ ಹಸಿರು ಗೆರೆಗಳನ್ನು ಈಗಲೂ ಎಣಿಸಬಲ್ಲೆ, ಹದಿನೇಳು. ನಾನು ಪರದೆ ಹೊಲಿಯುವವಳಾದದ್ದು ಅದರಿಂದಲೇ ಇರಬೇಕು ಎಂದು ಪುಟ್ಟಿ ಅಣಕಿಸುತ್ತಾಳೆ. ಬಾಗಿಲ ಹೊರಗೆ ಕೂತು ಒಬ್ಬರು ಅಳುತ್ತಿದ್ದದ್ದೂ ನೆನಪಿದೆ. ಅದು ನಾನೇ.

ಇದನ್ನು ಕೇಳಲು ಅಮ್ಮನನ್ನು ಎಬ್ಬಿಸಲಿಲ್ಲ. ಉಸಿರಾಡುವುದೇ ಅವಳಿಗೆ ಒಂದು ಕೆಲಸವಾಗಿದೆ.

ಆ ಹೆಂಗಸಿಗೆ ಬಂದಿತ್ತೆಂದು ಹೇಳು. ಹೇಳಿ ಹೊರಡು. ಬಾ.

ಅಕ್ಕ


ಫೆಬ್ರವರಿ 18

ಅಕ್ಕ,

ನಿನ್ನ ಪತ್ರ ಬೆಳಿಗ್ಗೆ ಬಂತು. ಮಧ್ಯಾಹ್ನದ ರೈಲಿಗೆ ಹೊರಡುತ್ತೇನೆ. ನಾನೂ ಇದೂ ಒಂದೇ ದಿನ ತಲುಪಬಹುದು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಪೆಟ್ಟಿಗೆ ಕಟ್ಟಿಯಾದ ಮೇಲೆ ಮಾಡಲು ಬೇರೇನೂ ಇಲ್ಲ.

ಆರೋಗ್ಯ ಇಲಾಖೆಗೆ ಹೋಗಿ, ನಾಲ್ಕನೇ ವಯಸ್ಸಿನಲ್ಲಿ ಬಂದಿತ್ತು ಎಂದೆ. ಆಕೆ ಬರೆದುಕೊಂಡಳು. ಯಾರು ಹೇಳಿದರು ಎಂದು ಕೇಳಿದಳು. ಅಕ್ಕ ಅಂದೆ. ಅದನ್ನೂ ಬರೆದುಕೊಂಡಳು. ಅಷ್ಟು ಸುಲಭವಾಗಿ ಬಿಟ್ಟುಬಿಡುತ್ತಾರೆ ಎಂದುಕೊಂಡಿರಲಿಲ್ಲ. ಹೊರಗೆ ಬಂದಾಗ, ಆಕೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಅನ್ನಿಸಿತು.

ಬೆಳಿಗ್ಗೆಯಿಂದ ಮೂಗು ಸೋರುತ್ತಿದೆ. ಕಣ್ಣು ಕೆಂಪು. ನೋಡಿ ಗಾಬರಿಯಾಗಬೇಡ, ಗಾಜಿನ ಪುಡಿ.

ತಮ್ಮ


ಫೆಬ್ರವರಿ 24, ಶುಕ್ರವಾರ

ಅಕ್ಕ,

ಮೊದಲು ಇದನ್ನು ಓದಿ, ಉಳಿದದ್ದನ್ನು ಬೇಕಾದರೆ ಆಮೇಲೆ ಓದು. ಪುಟ್ಟಿಯನ್ನು ಕೂಡಲೇ ಅವಳ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮನೆಯಲ್ಲಿ ದಡಾರದವನು ಇದ್ದ ಎಂದು ಹೇಳು. ಒಂದು ಇಂಜೆಕ್ಷನ್ ಇದೆಯಂತೆ. ರೋಗಿಯ ಹತ್ತಿರ ಬಂದ ಆರು ದಿನದೊಳಗೆ ಕೊಟ್ಟರೆ ತಡೆಯುತ್ತದೆ ಅಥವಾ ಹಗುರಾಗಿಸುತ್ತದೆ ಎಂದು ಇಲ್ಲಿನ ನರ್ಸು ಹೇಳಿದರು. ನಾನು ಬಂದದ್ದು ಇಪ್ಪತ್ತಕ್ಕೆ. ಇಪ್ಪತ್ತಾರರವರೆಗೆ ಸಮಯವಿದೆ. ನಮ್ಮ ಪತ್ರಗಳಿಗೆ ಮೂರನೇ ದಿನ ಸಾಕು, ಇಪ್ಪತ್ತಾರಕ್ಕೆ ನಿನ್ನ ಕೈಯಲ್ಲಿರುತ್ತದೆ.

ನಾನು ಪ್ರತ್ಯೇಕ ವಾರ್ಡಿನಲ್ಲಿದ್ದೇನೆ. ಮೈಯೆಲ್ಲ ಎದ್ದಿದೆ.

ಬುಧವಾರ ಬೆಳಿಗ್ಗೆ ನಿನ್ನ ಬಚ್ಚಲಿನ ಕನ್ನಡಿಯಲ್ಲಿ ಕಿವಿಯ ಹಿಂದೆ ನಾಲ್ಕು ಗುಳ್ಳೆ ಕಂಡವು. ಹಿಂದಿನ ಸಂಜೆ ಪುಟ್ಟಿಯ ತಲೆಬಟ್ಟೆ ಜಾರಿತ್ತು. ನೀನು ಹೇಳದಿದ್ದದ್ದು ಅರ್ಥವಾಗಿತ್ತು. ಎರಡನ್ನೂ ಕೂಡಿಸಲು ಹಲ್ಲುಜ್ಜುವಷ್ಟು ಹೊತ್ತೂ ಬೇಕಾಗಲಿಲ್ಲ. ಕಾರ್ಖಾನೆ ತೆರೆದಿದೆ, ಹೋಗಲೇಬೇಕು ಎಂದು ಸುಳ್ಳು ಹೇಳಿ ಹೊರಟೆ. ನಾನು ಆ ಮನೆಯಿಂದ ದೂರ ಹೋಗಿಬಿಟ್ಟರೆ ಸಾಕು ಅನ್ನಿಸಿತ್ತು.

ಬೇಗ ಹೋಗು.


ಫೆಬ್ರವರಿ 25

ತಮ್ಮಾ,

ಬೈದು ಬರೆಯಬೇಕೆಂದು ಕೂತೆ. ಎಷ್ಟು ವರ್ಷದ ಮೇಲೆ ಬಂದವನು ಎರಡು ದಿನ ಇದ್ದು, ಕಾಫಿಯನ್ನು ಅರ್ಧಕ್ಕೆ ಬಿಟ್ಟು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕಳ್ಳನ ಹಾಗೆ ಹೊರಟೆ. ನಿನ್ನನ್ನು ಬೀಳ್ಕೊಡಲು ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಮೆಟ್ಟಿಲಿಳಿದಿದ್ದೆ.

ಆದರೆ ಬೈಯಲು ಆಗುತ್ತಿಲ್ಲ. ಪುಟ್ಟಿಯ ತಲೆಯನ್ನು ನೀನು ನೋಡಿದ್ದನ್ನು ನಾನು ನೋಡಿದೆ. ನೋಡಿ, ಒಂದು ಮಾತೂ ಕೇಳಲಿಲ್ಲ. ಕಿತ್ತಳೆ ಸುಲಿದು ಒಂದೊಂದೇ ತೊಳೆ ಅವಳ ಕೈಗೆ ಕೊಡುತ್ತಾ, ಮೇಸ್ತ್ರಿ ತನ್ನ ಕನ್ನಡಕವನ್ನು ತಾನೇ ಮೆಟ್ಟಿ ಒಡೆದು ನಾಲ್ಕು ಜನಕ್ಕೂ ಬೈದ ಕಥೆ ಹೇಳಿದೆ. ಅವಳು ಅಷ್ಟು ನಕ್ಕದ್ದನ್ನು ಈಚೆಗೆ ನಾನು ಕಂಡಿಲ್ಲ. ನೋಡಲಾರದೆ ಹೊರಟುಹೋದೆ ಎಂದು ನನಗೆ ಗೊತ್ತು. ನಿನ್ನ ಕಣ್ಣು ಆ ಎರಡು ದಿನವೂ ಕೆಂಪಗಿದ್ದದ್ದು ಗಾಜಿನ ಪುಡಿಯಿಂದಲ್ಲ, ಅಷ್ಟು ನನಗೆ ತಿಳಿಯದೇ?

ಈಗ ಬರೆಯುತ್ತೇನೆ. ರಕ್ತದ ಕ್ಯಾನ್ಸರ್. ನಾಲ್ಕು ತಿಂಗಳಾಯಿತು. ಔಷಧಿ ಹಿಡಿದಿದೆ, ಇನ್ನು ಎರಡು ಮಂಗಳವಾರ ಉಳಿದಿವೆ, ಆಮೇಲೆ ಒಳ್ಳೆಯದಾಗುವ ಸಂಭವವೇ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ. ವಾಸಿಯಾದ ಮೇಲೆ ಬರೆಯೋಣವೆಂದಿದ್ದೆ.

ಅಮ್ಮ ಎದ್ದು ದಿಂಬಿಗೆ ಒರಗಿ ಕೂತಳು. ನಿನ್ನೆ ಗಂಜಿ ಪೂರ್ತಿ ಕುಡಿದಳು. ನೀನು ಬಂದದ್ದೇ ಔಷಧಿಯಾಯಿತು ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಸೋಮವಾರ ಇಡೀ ದಿನ ಒಂದು ಕಟ್ಟಡದ ಕಿಟಕಿಗಳ ಅಳತೆ ತೆಗೆಯಲು ಹೋಗಬೇಕು. ಎಷ್ಟೋ ದಿನದ ಮೇಲೆ ನಿಶ್ಚಿಂತೆಯಾಗಿ ಹೋಗುತ್ತೇನೆ.

ಅಕ್ಕ


ಮಾರ್ಚ್ 1

ಇಪ್ಪತ್ತಾರು ಭಾನುವಾರ. ಅಂಚೆ ಇಲ್ಲ.

ನಿನ್ನ ಪತ್ರ ಸೋಮವಾರ ಹನ್ನೊಂದಕ್ಕೆ ಬಂದಿದೆ. ನಾನು ಅಳತೆಗೆ ಹೋಗಿದ್ದೆ. ಪುಟ್ಟಿ ಅದನ್ನು ತೆಗೆದುಕೊಂಡು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟಿದ್ದಾಳೆ, ಮಾವನ ಅಕ್ಷರ ಎಂದು. ಬೇರೆಯವರ ಪತ್ರ ಅವಳು ಒಡೆಯುವುದಿಲ್ಲ. ಸಂಜೆ ಐದೂವರೆಗೆ ನಾನು ಓದಿದೆ.

ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದಾರೆ. ತಡವಾಗಿದೆ, ಆದರೂ ಕೊಡೋಣ ಅಂದರು. ಎಷ್ಟು ತಡ ಎಂದು ಕೇಳಿದೆ. ಅದನ್ನು ಹಾಗೆ ಹೇಳಲಾಗುವುದಿಲ್ಲಮ್ಮ ಅಂದರು.


ಮಾರ್ಚ್ 8

ಅಕ್ಕ,

ನಿನ್ನ ಎರಡು ಪತ್ರಗಳೂ ಎದುರಿಗಿವೆ. ಇಪ್ಪತ್ತೈದರದ್ದನ್ನು ಓದಲಾಗುತ್ತಿಲ್ಲ. ಅದರಲ್ಲಿ ನೀನು ಹೊಗಳಿದ ಮನುಷ್ಯ ಯಾರೋ ನನಗೆ ಗೊತ್ತಿಲ್ಲ.

ಗುಳ್ಳೆ ಬಾಡಿವೆ, ನನ್ನನ್ನು ರೂಮಿಗೆ ಕಳಿಸಿದ್ದಾರೆ. ಪುಟ್ಟಿ ಹೇಗಿದ್ದಾಳೆ ಎಂದು ಕೇಳುವ ಬದಲು, ಕೆಲವನ್ನು ಇದ್ದ ಹಾಗೆ ಬರೆಯುತ್ತೇನೆ. ಕ್ಷಮೆಗಾಗಿ ಅಲ್ಲ.

ಗಾಜಿನ ಪುಡಿ ಅಂದೆನಲ್ಲ, ಒಂಬತ್ತರಿಂದ ಚಕ್ರ ನಿಂತಿತ್ತು. ಹದಿನೈದರ ಹೊತ್ತಿಗೆ ನನ್ನ ಕಣ್ಣು ತಿಳಿಯಾಗಿತ್ತು. ಎಷ್ಟೋ ವರ್ಷದ ಮೇಲೆ ಬೆಳ್ಳಗಾದ ಕಣ್ಣನ್ನು ಕನ್ನಡಿಯಲ್ಲಿ ನೋಡಿ, ಮೇಸ್ತ್ರಿ ಕಂಡರೆ ಕೆಲಸಗಳ್ಳ ಅಂದಾನು ಎಂದುಕೊಂಡಿದ್ದೆ. ಹದಿನೆಂಟರಂದು ಮತ್ತೆ ಕೆಂಪಾಯಿತು. ಉದ್ದಣ್ಣನ ಕಣ್ಣನ್ನು ಮೂರು ದಿನ ಪಕ್ಕದಲ್ಲೇ ನೋಡಿದ್ದವನು ನಾನು. ಹೀಗಿದ್ದೂ ಪುಡಿ ಎಂದು ನಿನಗೆ ಬರೆದೆ. ಬರೆದ ಮೇಲೆ ನನಗೂ ಅದು ಪುಡಿಯೇ ಆಯಿತು. ತಿಳಿದೂ ಮಾಡಿದೆನೇ ಎಂದು ಕೇಳಿದರೆ ಹೌದು ಎನ್ನಲಾರೆ, ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ರಕ್ತ ಕೊಟ್ಟಿದ್ದರೆ ಉತ್ತರ ಇಪ್ಪತ್ತೊಂದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟರೆ, ಮತ್ತೊಂದು ನೆಪ ಹೇಳಿದವನಾಗುತ್ತಿದ್ದೆ. ಅದನ್ನು ತಪ್ಪಿಸಿಕೊಳ್ಳಲು ಬಂದೆನೋ, ಅಮ್ಮನನ್ನು ನೋಡಲು ಬಂದೆನೋ, ಬಿಡಿಸಿ ಹೇಳಲಾರೆ.

ನೀನು ಕೆಲಸ ಮಾಡುವ ಪರದೆ ಅಂಗಡಿಯ ಫೋನ್ ನಂಬರು ನನ್ನ ಹತ್ತಿರವಿತ್ತು. ವಾರ್ಡಿನ ಬಾಗಿಲ ಪಕ್ಕದಲ್ಲೇ ಫೋನಿತ್ತು. ನರ್ಸು, “ಮನೆಗೆ ಹೇಳಿದ್ರಾ?” ಎಂದು ಎರಡು ಸಲ ಕೇಳಿದರು. ಹೇಳಿದೆ ಅಂದೆ. ಫೋನಿನಲ್ಲಿ ನಿನ್ನ ದನಿ ಕೇಳಬೇಕಾಗುತ್ತಿತ್ತು. ಪತ್ರ ಓದುವಾಗ ನಿನ್ನ ಮುಖ ಹೇಗಾಗುತ್ತದೆಂದು ನಾನು ನೋಡಬೇಕಾಗಿಲ್ಲ. ನಿನ್ನ ಅಡುಗೆಮನೆಯಲ್ಲೇ ಹೇಳಿದ್ದರೆ ಅದು ಒಂದು ವಾಕ್ಯ. ಅದನ್ನು ಹೊತ್ತುಕೊಂಡು ಒಂದೂವರೆ ದಿನ ರೈಲಿನಲ್ಲಿ ಬಂದೆ.

ಇಲಾಖೆಯಾಕೆ ನಿನ್ನೆ ಬಂದಿದ್ದಳು. ಎರಡು ರೈಲುಗಳ ಬೋಗಿ, ಸೀಟು ಕೇಳಿದಳು, ಕೊಟ್ಟೆ. ಯಾರ ಯಾರ ಹತ್ತಿರ ಕೂತಿದ್ದಿರಿ ಅಂದಳು. ಬರುವಾಗ ಎದುರಿಗೆ ಒಬ್ಬ ಬಸುರಿ ಇದ್ದಳು, ಕಿಟಕಿಯ ಸೀಟು ಬೇಕೆಂದಳು, ಬಿಟ್ಟುಕೊಟ್ಟೆ. ನನ್ನನ್ನು ಒಳ್ಳೆಯವರು ಅಂದಳು. ಹಿಂತಿರುಗುವಾಗ ಒಬ್ಬ ಮುದುಕ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದ. ಇವರೆಲ್ಲ ಎಲ್ಲಿ ಇಳಿದರೋ ಗೊತ್ತಿಲ್ಲ. ಆಕೆ ಪೆನ್ನು ಮುಚ್ಚಿ, ಸಿಕ್ಕವರಿಗೆ ತಿಳಿಸ್ತೀವಿ ಅಂದಳು. ಬೈಯಲಿಲ್ಲ. ಬೈಯಬಹುದು ಎಂದು ಕಾದೆ.

ತಮ್ಮ


ಮಾರ್ಚ್ 19

ಪುಟ್ಟಿ ಹದಿನಾರರಂದು ಬೆಳಿಗ್ಗೆ ಹತ್ತು ಗಂಟೆಗೆ ಹೋದಳು. ಆರರಂದು ಜ್ವರ ಬಂತು. ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ, ಅದರಿಂದ ನಾನು ಮೂರು ದಿನ ಸಮಾಧಾನದಲ್ಲಿದ್ದೆ. ಗುಳ್ಳೆ ಏಳಲು ಕೂಡ ಮೈಯಲ್ಲಿ ಶಕ್ತಿ ಬೇಕಂತೆ. ಅದು ನೇರವಾಗಿ ಶ್ವಾಸಕೋಶಕ್ಕೆ ಇಳಿದಿತ್ತು.

ನೀನು ಬರೆದದ್ದನ್ನು ಅವಳಿಗೆ ಹೇಳಿರಲಿಲ್ಲ. ಅವಳೇ ಕೇಳಿದಳು. “ಮಾವನಿಂದ ಬಂತಾ?” ಅಂದಳು. ಹೌದು ಅಂದೆ. “ಅವರಿಗೆ ಗೊತ್ತಿತ್ತಾ?” ಅಂದಳು. ಗೊತ್ತಿಲ್ಲ ಅಂದೆ. ನನಗೆ ನಿಜವಾಗಿಯೂ ಗೊತ್ತಿಲ್ಲ. ನೀನು ನಾಲ್ಕು ಪುಟ ಬರೆದರೂ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ. ನಿನಗೆ ತಿಳಿಯಬೇಕಾದದ್ದು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಅಮ್ಮನ ತಲೆ ಬಾಚುತ್ತಿದ್ದೆ. ಅವಳು ಈಗ ಹಳೆಯದನ್ನೆಲ್ಲ ತೆಗೆದು ಮಾತಾಡುತ್ತಾಳೆ. ನಿನಗೆ ದಡಾರ ಬಂದಾಗ ಇವನು ಬಾಗಿಲ ಹೊರಗೆ ಕೂತು ಅಳುತ್ತಿದ್ದ, ಒಳಗೆ ನುಗ್ಗಿಬಿಟ್ಟಾನು ಎಂದು ಚಿಕ್ಕಮ್ಮನ ಮನೆಗೆ ಕಳಿಸಿದ್ದೆ, ಒಂದು ತಿಂಗಳು ಕರೆಸಲಿಲ್ಲ ಅಂದಳು. ಇವನು ಎಂದರೆ ನೀನು. ದಡಾರ ನನಗೆ. ಬಾಗಿಲ ಹೊರಗೆ ಕೂತವಳಿಗೆ ಪರದೆಯ ಗೆರೆಗಳು ಹೇಗೆ ಕಾಣುತ್ತಿದ್ದವು? ಹಾಸಿಗೆಯಲ್ಲಿ ಮಲಗಿ ಎಣಿಸಿದವಳು ನಾನು. ನಿನ್ನ ಪತ್ರ ಬಂದಾಗ ಅವಳನ್ನು ಒಂದು ಸಲ ಎಬ್ಬಿಸಿ ಕೇಳಿದ್ದರೆ ಸಾಕಿತ್ತು. ಉಸಿರಿಗೆ ಕಷ್ಟ ಎಂದು ಎಬ್ಬಿಸಲಿಲ್ಲ ಎಂದು ಬರೆದಿದ್ದೆ. ಅದೂ ಪೂರ್ತಿ ನಿಜವಲ್ಲ. ಬಂದಿರಲಿಲ್ಲ ಎಂದುಬಿಟ್ಟಾಳು ಎಂಬ ಅಳುಕಿತ್ತು.

ಪುಟ್ಟಿಯ ವಿಷಯ ಮೊದಲೇ ಬರೆದಿದ್ದರೆ ನೀನು ಬರುತ್ತಿರಲಿಲ್ಲ, ಅಲ್ಲವೇ? ಉತ್ತರ ಬರೆಯಬೇಡ.


ಏಪ್ರಿಲ್ 2

ಅಕ್ಕ,

ಬರೆಯಬೇಡ ಎಂದ ಪ್ರಶ್ನೆಗೆ ಉತ್ತರ ಬರೆಯುತ್ತಿಲ್ಲ.

ಕೋಣೆ ತೆರೆದಿದೆ. ಉದ್ದಣ್ಣ ಬಂದಿದ್ದಾನೆ, ಸ್ವಲ್ಪ ಕಿವಿ ಮಂದವಾಗಿದೆ. ಊರಿಗೆ ಹೋಗಿ ಬಂದೆಯಂತೆ, ಎಲ್ಲ ಚೆನ್ನಾಗಿದ್ದಾರಾ ಎಂದು ಜೋರಾಗಿ ಕೇಳಿದ. ಚೆನ್ನಾಗಿದ್ದಾರೆ ಎಂದು ನಾನೂ ಜೋರಾಗಿ ಹೇಳಿದೆ. ಅವನಿಗೆ ತಿಳಿಸಿದರೆ ಅವನದೂ ಒಂದು ಪಾಲಾಗುತ್ತದೆ. ಪಾಲು ಹಂಚುವುದರಿಂದ ನನ್ನದು ಚಿಕ್ಕದಾಗುವುದಿಲ್ಲ ಎಂದು ಇಷ್ಟು ದಿನದಲ್ಲಿ ಕಲಿತಿದ್ದೇನೆ. ನಿನ್ನ ಹತ್ತೊಂಬತ್ತರ ಪತ್ರದಿಂದಲೂ ಚಿಕ್ಕದಾಗಲಿಲ್ಲ.

ಬೋಗಿಗಳಲ್ಲಿದ್ದ ಹನ್ನೊಂದು ಜನರನ್ನು ಇಲಾಖೆ ಹುಡುಕಿದೆ. ಉಳಿದವರು ಸಿಗಲಿಲ್ಲ. ಸಿಕ್ಕವರಲ್ಲಿ ಆ ಬಸುರಿ ಇಲ್ಲ.

ಕೇಳಬೇಕೆಂದಿದ್ದು ಇಷ್ಟು. ವಾರ್ಡಿನ ಡಾಕ್ಟರು ಒಂದು ಚೀಟಿ ಕೊಟ್ಟಿದ್ದಾರೆ. ಇನ್ನು ನನಗೆ ಇದು ಜನ್ಮದಲ್ಲಿ ಬರುವುದಿಲ್ಲ, ನನ್ನಿಂದ ಯಾರಿಗೂ ತಗಲುವುದಿಲ್ಲ, ಯಾವ ರೈಲಿನಲ್ಲಿ ಬೇಕಾದರೂ ಹೋಗಬಹುದು. ಅಮ್ಮನನ್ನು ಎತ್ತಿ ಕೂರಿಸಲು ನಿನಗೊಬ್ಬಳಿಗೇ ಆಗುವುದಿಲ್ಲ. ನಾನು ಬರಲೇ?

ತಮ್ಮ


ಮೇ 20

ತಮ್ಮಾ,

ಅಮ್ಮ ಕೋಲು ಹಿಡಿದು ಕಿಟಕಿಯವರೆಗೆ ನಡೆಯುತ್ತಾಳೆ. ಪುಟ್ಟಿ ಹೋದದ್ದನ್ನು ಹೇಳಿದ್ದೇನೆ. ಯಾವ ತಾರೀಖು ಎಂದು ಕೇಳಿದಳು. ನಾನು ಬದುಕಿ ಏನು ಮಾಡಿದ ಹಾಗಾಯಿತು ಎಂದು ಒಂದು ಸಲ ಅಂದಳು, ಆಮೇಲೆ ಅನ್ನಲಿಲ್ಲ. ನೀನು ಯಾಕೆ ಬರುತ್ತಿಲ್ಲ ಎಂದು ಮಾತ್ರ ದಿನಾ ಕೇಳುತ್ತಾಳೆ. ರಜೆ ಸಿಕ್ಕಿಲ್ಲ ಎನ್ನುತ್ತೇನೆ. ನಿನ್ನ ನೆಪಗಳನ್ನು ಈಗ ನಾನು ಹೇಳುತ್ತಿದ್ದೇನೆ.

ಪುಟ್ಟಿಯ ಶಾಲೆಯವರು ಬಂದು ಅವಳ ಪುಸ್ತಕಗಳನ್ನು ತೆಗೆದುಕೊಂಡು ಹೋದರು. ಕೋಣೆ ಖಾಲಿಯಿದೆ. ಅವಳ ಕಿಟಕಿಗೆ ಪರದೆ ಇಲ್ಲ. ಎಲ್ಲರ ಮನೆಗೂ ಹೊಲಿದೆ, ನಮ್ಮದನ್ನು ಮುಂದಿನ ತಿಂಗಳು ಎನ್ನುತ್ತಲೇ ಇದ್ದೆ.

ನಿನ್ನ ಪತ್ರ ಬಂದು ಏಳು ವಾರವಾಗುತ್ತಾ ಬಂತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಬರಬೇಡ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಕೋಪ ಇಲ್ಲವೆಂದಲ್ಲ. ಅದು ಕೆಲವು ದಿನ ನಿನ್ನ ಕಡೆ ತಿರುಗಿರುತ್ತದೆ, ಕೆಲವು ದಿನ ನನ್ನ ಕಡೆ. ನೀನು ಎದುರಿಗಿದ್ದರೆ ಅದು ಯಾವಾಗಲೂ ನಿನ್ನ ಕಡೆಗೇ ತಿರುಗಬಹುದು. ನನಗೆ ಅದು ಸುಲಭ, ಅದಕ್ಕೇ ಭಯ.

ನಿನ್ನ ಚೀಟಿ ಇಲ್ಲಿ ಬೇಕಾಗಿಲ್ಲ. ತಗಲಬಹುದಾದವರು ಈ ಮನೆಯಲ್ಲಿ ಯಾರೂ ಉಳಿದಿಲ್ಲ. ನೀನಾಗಿಯೇ ಬಂದರೆ ಬಾಗಿಲು ತೆಗೆಯುತ್ತೇನೆ. ಊಟಕ್ಕೆ ಬಡಿಸುತ್ತೇನೆ. ಅಮ್ಮನ ಒಂದು ಕಡೆ ನೀನು ಹಿಡಿ, ಇನ್ನೊಂದು ಕಡೆ ನಾನು ಹಿಡಿಯುತ್ತೇನೆ. ಆದರೆ ಫೆಬ್ರವರಿಯಲ್ಲಿ ಬಾ ಎಂದು ಬರೆದವಳು ನಾನು. ಇನ್ನೊಮ್ಮೆ ಅದನ್ನು ಬರೆಯಲು ನನ್ನ ಕೈಯಲ್ಲಿ ಆಗುವುದಿಲ್ಲ.

ಅಕ್ಕ